ವಿಮಾನದ ಸುಂಕವೂ ನೆಲದವರ ನೆಮ್ಮದಿಯೂ

ವಿಮಾನದ ಟಿಕೇಟು ಕೊಳ್ಳುವವರು ಅದರ ಒಟ್ಟು ಮೊಬಲಗನ್ನು ನೋಡುತ್ತಾರೆಯೇ ಹೊರತು ಆ ಮೊಬಲಗಿನೊಳಗೆ ಸೇರಿರುವ ಬಾಬುಗಳನ್ನು ನೋಡುವುದು ಅಪರೂಪ. ನೋಡಿದವರಿಗೆ ಪ್ರಯಾಣದ ದರದ ಕೆಳಗೆ ‘ಬಳಕೆದಾರರ ಅಭಿವೃದ್ಧಿ ಶುಲ್ಕ’ವೆಂಬ ಒಂದು ಸಾಲು ಕಾಣುವುದು. ಅದು ವಿಮಾನ ಕಂಪೆನಿಗೆ ಸಲ್ಲುವ ಹಣವಲ್ಲ. ಸರಕಾರದ ಬೊಕ್ಕಸವನ್ನು ಸೇರುವ ತೆರಿಗೆಯೂ ಅಲ್ಲ. ವಿಮಾನ ನಿಲ್ದಾಣವನ್ನು ನಡೆಸುವವರಿಗೆ, ನಿಲ್ದಾಣದ ಕೆಲಸಕ್ಕಾಗಿ, ಪ್ರಯಾಣಿಕನು ತೆರುವ ಸುಂಕವದು. ಈ ಸುಂಕವನ್ನು ಯಾರು ಗೊತ್ತುಪಡಿಸಬೇಕು, ಯಾವ ಕಾರ್ಯಕ್ಕೆ ವೆಚ್ಚಮಾಡಬೇಕು, ಅದರಲ್ಲಿ ನಿಲ್ದಾಣದ ಸುತ್ತಲಿನ ನಿವಾಸಿಗಳಿಗೆ ಪಾಲುಂಟೋ ಇಲ್ಲವೋ ಎಂಬ ಪ್ರಶ್ನೆಗಳು ಕೇವಲ ಲೆಕ್ಕಿಗರಿಗೆ ಸೇರಿದವೆಂದು ತಿಳಿಯಲಾಗದು. ಅವು ಸಾರ್ವಜನಿಕ ನ್ಯಾಯದ ಪ್ರಶ್ನೆಗಳು.

ಈ ಬಗೆಯ ವಸೂಲಿಯು ನಮ್ಮ ನಾಡಿಗೆ ಹೊಸತಲ್ಲ. ಕೆರೆಯ ರಕ್ಷಣೆಗಾಗಿ ಮೀಸಲಿರಿಸಿದ ಬಿತ್ತುವಟ್ಟವನ್ನೂ ಕೆರೆಗೊಡಗೆಯನ್ನೂ ನಮ್ಮ ಹಳೆಯ ಶಾಸನಗಳು ಹೇಳುತ್ತವೆ. ಯಾವ ಕಟ್ಟೆಯಿಂದ ಫಲ ದೊರೆಯುವುದೋ ಆ ಫಲದ ಒಂದಂಶವು ಆ ಕಟ್ಟೆಯ ಪಾಲನೆಗೇ ಹೋಗತಕ್ಕದ್ದೆಂಬುದು ಅದರ ತತ್ತ್ವ. ವಿಮಾನ ನಿಲ್ದಾಣದ ಸುಂಕವೂ ಇದೇ ತತ್ತ್ವದ ಮೇಲೆ ನಿಂತಿದೆ. ಆದರೆ ಎರಡಕ್ಕೂ ಒಂದು ಮುಖ್ಯವಾದ ಭೇದವುಂಟು. ಕೆರೆಯ ನೀರನ್ನುಂಬವನು ಕೆರೆಯ ಕೆಳಗಿನ ಊರವನೇ. ವಿಮಾನದ ವಿಷಯದಲ್ಲಿ ಹಾಗಲ್ಲ. ಅನುಕೂಲವನ್ನು ಪಡೆಯುವವನು ಗಳಿಗೆಯೊಳಗೆ ಹಾರಿಹೋಗುತ್ತಾನೆ. ಸದ್ದನ್ನು ಅನುಭವಿಸುವವನು ಹಗಲಿರುಳೂ ಅಲ್ಲಿಯೇ ಇರುತ್ತಾನೆ. ಇವನು ಟಿಕೇಟು ಕೊಂಡವನಲ್ಲ, ನಿಲ್ದಾಣದಲ್ಲಿ ಷೇರು ಉಳ್ಳವನೂ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಒಬ್ಬರ ಅವಸರಕ್ಕೆ ಮತ್ತೊಬ್ಬರು ನಿದ್ದೆಗೆಡಬೇಕಾಗಿ ಬರುತ್ತದೆ. ಸುಂಕದ ಲೆಕ್ಕದಲ್ಲಿ ಈ ಮೂರನೆಯವನಿಗೂ ಸ್ಥಾನವಿರಬೇಕೆಂಬುದೇ ನಮ್ಮ ವಾದ. ಇದು ಕೇವಲ ಸದಾಶಯದ ಮಾತಲ್ಲವೆಂಬುದನ್ನು ತೋರಿಸಲು ಅಮೇರಿಕದ ಸಂಯುಕ್ತ ಸಂಸ್ಥಾನಗಳ ಅನುಭವವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸುವೆವು.

ಅಮೇರಿಕದಲ್ಲಿ ಪ್ರಯಾಣಿಕರನ್ನು ಸಾಗಿಸುವ ದೊಡ್ಡ ವಿಮಾನ ನಿಲ್ದಾಣಗಳು ಬಹುಮಟ್ಟಿಗೆ ನಗರಸಭೆಗಳ, ಜಿಲ್ಲೆಗಳ ಅಥವಾ ಕಾಯಿದೆಯಿಂದ ರಚಿತವಾದ ಸಾರ್ವಜನಿಕ ಮಂಡಲಗಳ ಸ್ವತ್ತು. ಅವುಗಳಿಗೆ ನೆರವಾಗಲೆಂದು 1970ರಲ್ಲಿ ಕೇಂದ್ರ ಸರಕಾರವು ಒಂದು ವಿಶೇಷ ನಿಧಿಯನ್ನು ಸ್ಥಾಪಿಸಿ, ಟಿಕೇಟಿನ ಮೇಲೆ ಶೇಕಡಾ 8ರ ತೆರಿಗೆಯನ್ನು ಅದಕ್ಕೆ ಒದಗಿಸಿತು. ಇಷ್ಟರಿಂದ ತೃಪ್ತಿಯಾಗದೆ ಕೆಲವು ಊರುಗಳು ವಿಮಾನವೇರುವ ಪ್ರತಿಯೊಬ್ಬನಿಂದ ತಾವೇ ತಲೆಗಂದಾಯವನ್ನು ವಸೂಲು ಮಾಡಹತ್ತಿದವು. ಇಂಡಿಯಾನಾ ಸಂಸ್ಥಾನದ ಇವಾನ್ಸ್‌ವಿಲ್ ನಿಲ್ದಾಣವು ತಲೆಗೆ ಒಂದು ಡಾಲರಿನಂತೆ ವಿಧಿಸಿದಾಗ ವಿಮಾನ ಕಂಪೆನಿಗಳು ನ್ಯಾಯಾಲಯವನ್ನು ಹೊಕ್ಕವು. ನಿಲ್ದಾಣದ ಉಪಯೋಗಕ್ಕೆ ತಕ್ಕ ಪ್ರತಿಫಲವನ್ನು ಬೇಡುವುದು ಅನ್ಯಾಯವಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪಿತ್ತಿತು. ಊರೂರಿಗೂ ಒಂದೊಂದು ಸುಂಕದ ಕಟ್ಟೆಯೇಳುವುದೆಂಬ ಭಯದಿಂದ, ಕಾಂಗ್ರೆಸ್ಸೆಂಬ ಹೆಸರಿನ ಅಲ್ಲಿಯ ಶಾಸನಸಭೆಯು ಮರುವರ್ಷವೇ, ಅಂದರೆ 1973ರಲ್ಲಿ, ಇಂಥ ತಲೆಗಂದಾಯಗಳನ್ನು ಕಾಯಿದೆಯ ಮೂಲಕ ನಿಷೇಧಿಸಿತು.

ನಿಷೇಧವು 17 ವರ್ಷ ನಡೆಯಿತು. ಅಷ್ಟರಲ್ಲಿ ಪ್ರಯಾಣಿಕರ ಸಂಖ್ಯೆ ಬೆಳೆಯಿತು, ಓಡುದಾರಿಗಳು ಸಾಲದಾದವು. ದೊಡ್ಡ ನಿಲ್ದಾಣಗಳು ಕಟ್ಟಡಗಳಿಗಾಗಿ ಸಾಲವೆತ್ತಬೇಕಾದರೆ ಅಲ್ಲಿ ನೆಲೆಯೂರಿದ ವಿಮಾನ ಕಂಪೆನಿಗಳ ಗೇಣಿಯ ಕರಾರನ್ನೇ ನಂಬಬೇಕಾಗಿತ್ತು. ಹಲವೆಡೆ ಆ ಕರಾರುಗಳು ಹೊಸ ಕಟ್ಟಡಗಳನ್ನು ತಡೆಯುವ ಅಧಿಕಾರವನ್ನೂ ಆ ಕಂಪೆನಿಗಳಿಗೆ ಕೊಟ್ಟಿದ್ದವು. ತನ್ನ ಪ್ರತಿಸ್ಪರ್ಧಿಗೆ ಸ್ಥಳ ಒದಗಿಸುವ ಕಟ್ಟಡಕ್ಕೆ ಯಾವ ವ್ಯಾಪಾರಿಯು ತಾನಾಗಿ ಒಪ್ಪುವನು? ಈ ಕಟ್ಟಿನಿಂದ ನಿಲ್ದಾಣಗಳನ್ನು ಬಿಡಿಸಲೆಂದು 1990ರಲ್ಲಿ ಶಾಸನಸಭೆಯು ಹಳೆಯ ನಿಷೇಧಕ್ಕೊಂದು ಅಪವಾದವನ್ನು ನಿರ್ಮಿಸಿ, ‘ಪ್ರಯಾಣಿಕ ಸೌಕರ್ಯ ಶುಲ್ಕ’ವನ್ನು ವಿಧಿಸಲು ಅನುಮತಿ ಕೊಟ್ಟಿತು. 1992ರಲ್ಲಿ ಸಂಗ್ರಹವು ಮೊದಲಾಯಿತು. ಆರಂಭದಲ್ಲಿ ಅದರ ಗರಿಷ್ಠ ಪ್ರಮಾಣ ತಲೆಗೆ 3 ಡಾಲರು. 2000ದಲ್ಲಿ ಅದನ್ನು 4.50 ಡಾಲರಿಗೆ ಏರಿಸಲಾಯಿತು. ಒಂದು ದಿಕ್ಕಿನ ಪ್ರಯಾಣದಲ್ಲಿ ಎರಡಕ್ಕಿಂತ ಹೆಚ್ಚು ನಿಲ್ದಾಣಗಳು ಅದನ್ನು ವಸೂಲು ಮಾಡಲಾಗದು. ಆದುದರಿಂದ ಹೋಗಿಬರುವ ಪ್ರಯಾಣಿಕನು ಹೆಚ್ಚೆಂದರೆ 18 ಡಾಲರು ಕೊಡುವನು.

ಮೊತ್ತಕ್ಕಿಂತಲೂ ಅದಕ್ಕೆ ಹಾಕಿರುವ ಬೇಲಿಗಳು ನಮ್ಮ ಗಮನಕ್ಕೆ ಯೋಗ್ಯವಾಗಿವೆ. ಸುಂಕವನ್ನು ವಿಧಿಸುವುದು ಸಾರ್ವಜನಿಕ ಸಂಸ್ಥೆಯೇ ಆಗಿರಬೇಕು. ಅದು ಮೊದಲು ತನ್ನ ಯೋಜನೆಗಳನ್ನೂ ಅವುಗಳ ವೆಚ್ಚವನ್ನೂ ವಿಮಾನ ಕಂಪೆನಿಗಳ ಮುಂದಿಟ್ಟು ಅವರ ಅಭಿಪ್ರಾಯವನ್ನು ಕೇಳಬೇಕು. ಆದರೆ ಅವರ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ. ಬಳಿಕ ಕೇಂದ್ರದ ವಿಮಾನಯಾನ ಇಲಾಖೆಯು ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಮಂಜೂರು ಮಾಡುವುದು. ಸುರಕ್ಷತೆ, ಭದ್ರತೆ, ನಿಲ್ದಾಣದ ಸಾಮರ್ಥ್ಯ, ಕಂಪೆನಿಗಳೊಳಗಿನ ಸ್ಪರ್ಧೆ ಇವುಗಳಲ್ಲೊಂದನ್ನು ಕಾಪಾಡುವ ಇಲ್ಲವೆ ಹೆಚ್ಚಿಸುವ ಕೆಲಸವಾಗಿರಬೇಕು. ಅಥವಾ ಸದ್ದನ್ನು ಕಡಿಮೆ ಮಾಡುವ, ಸದ್ದಿನ ಬಾಧೆಯನ್ನು ಪರಿಹರಿಸುವ ಕೆಲಸವಾಗಿರಬೇಕು. ಅಂಗಡಿ, ಉಪಾಹಾರಗೃಹ, ಮೋಟಾರು ನಿಲ್ಲಿಸುವ ಕಟ್ಟಡ ಮುಂತಾಗಿ ತಾವೇ ಲಾಭ ತರುವ ಬಾಬುಗಳಿಗೆ ಈ ಹಣವನ್ನು ಮುಟ್ಟುವಂತಿಲ್ಲ. ಮಂಜೂರಾದ ಮೊತ್ತವು ಕೈಸೇರಿದೊಡನೆ ಸಂಗ್ರಹವು ನಿಲ್ಲಬೇಕು, ಇಲ್ಲವೆ ಹೊಸ ಕೆಲಸಕ್ಕೆ ಹೊಸ ಮಂಜೂರಾತಿ ಪಡೆಯಬೇಕು. ಪ್ರಯಾಣಿಕರ ಹಣದಿಂದ ಕಟ್ಟಿದ ಭಾಗದ ವೆಚ್ಚವನ್ನು ಪುನಃ ಕಂಪೆನಿಗಳ ಬಾಡಿಗೆಯ ಲೆಕ್ಕದಲ್ಲಿ ಸೇರಿಸಿ ಎರಡನೆಯ ಬಾರಿ ವಸೂಲು ಮಾಡಕೂಡದು. ಅಂತಹ ಸ್ಥಳವನ್ನು ಒಂದೇ ಕಂಪೆನಿಗೆ ದೀರ್ಘಾವಧಿಯ ಏಕಸ್ವಾಮ್ಯದ ಗೇಣಿಗೆ ಕೊಡಲೂ ಕೂಡದು.

ಸಂಗ್ರಹದ ಕ್ರಮವೂ ವಿಚಾರಾರ್ಹವಾಗಿದೆ. ಟಿಕೇಟು ಮಾರುವಾಗ ವಿಮಾನ ಕಂಪೆನಿಯೇ ಸುಂಕವನ್ನು ಪಡೆದು ನಿಲ್ದಾಣಕ್ಕೆ ಒಪ್ಪಿಸುತ್ತದೆ. ಆ ಶ್ರಮಕ್ಕಾಗಿ ತಲೆಗೆ 11 ಸೆಂಟುಗಳನ್ನು ತಾನು ಇಟ್ಟುಕೊಳ್ಳುತ್ತದೆ. ಮಿಕ್ಕ ಹಣವು ಅದರ ಕೈಯಲ್ಲಿರುವಷ್ಟು ಕಾಲ ನ್ಯಾಸದ ಹಣವೇ ಹೊರತು ಅದರ ಸ್ವಂತ ಸ್ವತ್ತಲ್ಲ. ದೊಡ್ಡ ಕಂಪೆನಿಗಳು ದಿವಾಳಿಯೆದ್ದ ದಿನಗಳಲ್ಲಿ ಈ ಹಣವು ಸಾಲಗಾರರ ಪಾಲಾಗುವ ಭಯವುಂಟಾದುದರಿಂದ, ದಿವಾಳಿಗೆ ಅರ್ಜಿ ಹಾಕಿದ ಕಂಪೆನಿಯು ಸುಂಕದ ಹಣವನ್ನು ಪ್ರತ್ಯೇಕ ಖಾತೆಯಲ್ಲಿರಿಸಬೇಕೆಂದು 2003ರ ಕಾಯಿದೆಯು ಕಟ್ಟು ಮಾಡಿತು. ಸಾರ್ವಜನಿಕರ ಹಣವು ಖಾಸಗಿ ಕೈಗಳ ಮೂಲಕ ಸಾಗುವಾಗ ಎಷ್ಟು ಎಚ್ಚರಿಕೆ ಬೇಕೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಇನ್ನು ಸದ್ದಿನ ವಿಷಯ. ಇದು ದಯಾದಾಕ್ಷಿಣ್ಯದಿಂದ ಕಾಯಿದೆಯೊಳಗೆ ಸೇರಿದುದಲ್ಲ. ನ್ಯಾಯಾಲಯಗಳು ಹಾಕಿದ ಹೊಣೆಯಿಂದ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉತ್ತರ ಕೆರೊಲಿನಾ ಸಂಸ್ಥಾನದ ಗ್ರೀನ್ಸ್‌ಬರೋ ಸಮೀಪದ ಒಬ್ಬ ಕೋಳಿ ಸಾಕುವ ರೈತನ ಮನೆಯ ಮೇಲೆ ಸೈನ್ಯದ ವಿಮಾನಗಳು ಬಹಳ ತಗ್ಗಿನಲ್ಲಿ ಹಾರುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಬಡಿದು ಸತ್ತು, ಸುಮಾರು 150 ಕೋಳಿಗಳು ನಷ್ಟವಾಗಿ, ಅವನ ಉದ್ಯೋಗವೇ ನಿಂತುಹೋಯಿತು. ಹೊಲದೊಡೆಯನ ಹಕ್ಕು ಆಕಾಶದವರೆಗೂ ವ್ಯಾಪಿಸುವುದೆಂಬ ಹಳೆಯ ಸೂತ್ರವು ವಿಮಾನಯುಗಕ್ಕೆ ಒಗ್ಗದೆಂದು ಸುಪ್ರೀಂ ಕೋರ್ಟು 1946ರಲ್ಲಿ ಹೇಳಿತು. ಆದರೂ ನೆಲದ ಉಪಯೋಗವನ್ನೇ ಕೆಡಿಸುವಷ್ಟು ತಗ್ಗಿನಲ್ಲಿ ಪದೇ ಪದೇ ಹಾರುವುದು ಸ್ವತ್ತನ್ನು ಕಿತ್ತುಕೊಂಡಂತೆಯೇ ಎಂದು ಸಾರಿ, ಪರಿಹಾರದ ಹಕ್ಕನ್ನು ಎತ್ತಿಹಿಡಿಯಿತು. 1962ರಲ್ಲಿ ಪಿಟ್ಸ್‌ಬರ್ಗ್ ಪ್ರದೇಶದ ನಿಲ್ದಾಣವೊಂದರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದುವರಿದು, ಈ ಪರಿಹಾರದ ಹೊಣೆ ನಿಲ್ದಾಣದ ಒಡೆತನವುಳ್ಳ ಸ್ಥಳೀಯ ಸರಕಾರದ್ದೆಂದು ನಿರ್ಣಯಿಸಿತು. ಓಡುದಾರಿಯನ್ನು ಎಲ್ಲಿ ಕಟ್ಟಬೇಕೆಂದು ಗೊತ್ತುಮಾಡಿದವರು, ಅದಕ್ಕೆ ಬೇಕಾದಷ್ಟು ನೆಲವನ್ನೂ ಅದರ ಮೇಲಣ ವಾಯುಮಾರ್ಗವನ್ನೂ ಕ್ರಯಕ್ಕೆ ಪಡೆಯಬೇಕಾಗಿತ್ತೆಂಬುದು ಅದರ ತಾತ್ಪರ್ಯ.

ಹೊಣೆಯನ್ನು ಹೊರಿಸಿದ ಮೇಲೆ ಹಣದ ದಾರಿಯನ್ನು ತೋರಿಸಬೇಕಷ್ಟೆ. 1979ರ ಕಾಯಿದೆಯೊಂದು ನಿಲ್ದಾಣಗಳ ಸುತ್ತಲಿನ ಸದ್ದಿನ ನಕ್ಷೆಗಳನ್ನು ತಯಾರಿಸುವುದಕ್ಕೂ ಪರಿಹಾರದ ಯೋಜನೆಗಳಿಗೂ ಕೇಂದ್ರದ ಸಹಾಯವನ್ನು ಏರ್ಪಡಿಸಿತು. 1990ರಲ್ಲಿ ಸುಂಕದ ಅನುಮತಿಯೊಡನೆ ಸದ್ದಿನ ಕಾಯಿದೆಯೊಂದೂ ಹೊರಟಿತು. ಈ ಎರಡನ್ನೂ ಒಟ್ಟಿಗೆ ಓದಿದಲ್ಲದೆ ಆ ವರ್ಷದ ಒಪ್ಪಂದವು ಅರ್ಥವಾಗದು. ಸದ್ದು ಹೆಚ್ಚಾದ ಹಳೆಯ ಎರಡನೆಯ ದರ್ಜೆಯ ದೊಡ್ಡ ಜೆಟ್ ವಿಮಾನಗಳು 1999ರ ಅಂತ್ಯದೊಳಗೆ ಸೇವೆಯಿಂದ ಹೊರಬೀಳಬೇಕೆಂದು ಅದು ವಿಧಿಸಿತು. ಇದು ನಿವಾಸಿಗಳಿಗಾದ ಲಾಭ. ಆದರೆ ಹೊಸ ದರ್ಜೆಯ ವಿಮಾನಗಳ ಹಾರಾಟಕ್ಕೆ ರಾತ್ರಿಯ ನಿರ್ಬಂಧ ಮೊದಲಾದವನ್ನು ಹಾಕುವ ಸ್ವಾತಂತ್ರ್ಯವನ್ನು ಊರುಗಳಿಂದ ಕಿತ್ತುಕೊಂಡು, ಕೇಂದ್ರದ ಒಪ್ಪಿಗೆಯಿಲ್ಲದೆ ಅಥವಾ ಕಂಪೆನಿಗಳ ಸಮ್ಮತಿಯಿಲ್ಲದೆ ಅಂಥದನ್ನು ಜಾರಿಗೆ ತರಕೂಡದೆಂದೂ ಅದು ವಿಧಿಸಿತು. ಮೀರಿ ನಡೆದ ನಿಲ್ದಾಣವು ಕೇಂದ್ರದ ಅನುದಾನವನ್ನೂ ಸುಂಕದ ಹಕ್ಕನ್ನೂ ಕಳೆದುಕೊಳ್ಳುವುದು. ಅಂದರೆ ಹಾರಾಟವನ್ನು ತಡೆಯುವ ಅಧಿಕಾರವನ್ನು ಒಂದು ಕೈಯಿಂದ ತೆಗೆದುಕೊಂಡು, ಹಾರಾಟದಿಂದಾಗುವ ಕಷ್ಟವನ್ನು ಪರಿಹರಿಸುವ ಹಣವನ್ನು ಇನ್ನೊಂದು ಕೈಯಿಂದ ಕೊಟ್ಟಂತಾಯಿತು. ಈ ವಿನಿಮಯವು ಸಂಪೂರ್ಣ ನ್ಯಾಯವೆಂದು ನಾವು ಹೇಳೆವು. ಆದರೆ ಅಧಿಕಾರವನ್ನು ತೆಗೆದುಕೊಂಡ ಸರಕಾರವು ಬರಿಗೈಯಲ್ಲಿ ಜನರನ್ನು ಕಳುಹಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಪರಿಹಾರವು ಹೇಗೆ ನಡೆಯುವುದೆಂಬುದನ್ನೂ ನೋಡೋಣ. ವರ್ಷದ ಹಾರಾಟಗಳ ಸದ್ದನ್ನೆಲ್ಲ ಕೂಡಿಸಿ ದಿನದ ಸರಾಸರಿಯನ್ನು ಗಣಿಸುವರು. ರಾತ್ರಿ 10 ಗಂಟೆಯಿಂದ ಬೆಳಗ್ಗೆ 7ರ ವರೆಗಿನ ಪ್ರತಿಯೊಂದು ಹಾರಾಟಕ್ಕೆ 10 ಡೆಸಿಬೆಲ್ಲುಗಳನ್ನು ಹೆಚ್ಚಾಗಿ ಸೇರಿಸುವರು. ಅಂದರೆ ರಾತ್ರಿಯ ಒಂದು ವಿಮಾನವು ಹಗಲಿನ ಹತ್ತಕ್ಕೆ ಸಮವಾಗುತ್ತದೆ. ಹೀಗೆ ಗಣಿಸಿದ ಸರಾಸರಿಯು 65 ಡೆಸಿಬೆಲ್ಲು ಅಥವಾ ಅದಕ್ಕೆ ಮೇಲ್ಪಟ್ಟಿರುವ ಪ್ರದೇಶವು ವಾಸಕ್ಕೆ ಒಗ್ಗದ್ದೆಂದು ಎಣಿಸಿ ನಕ್ಷೆಯ ಮೇಲೆ ಗೆರೆಯೆಳೆಯುವರು. ಆ ಗೆರೆಯೊಳಗಿನ ಮನೆಗಳಿಗೂ ಶಾಲೆಗಳಿಗೂ ಸದ್ದು ತಡೆಯುವ ಕಿಟಕಿ ಬಾಗಿಲುಗಳನ್ನು ಜೋಡಿಸಿ, ಅಟ್ಟವನ್ನು ಭದ್ರಪಡಿಸಿ, ಕಿಟಕಿಗಳನ್ನು ಮುಚ್ಚಿದರೂ ಗಾಳಿಯಾಡುವಂತೆ ಯಂತ್ರವನ್ನಿಟ್ಟು, ಒಳಗಿನ ಸದ್ದನ್ನು 45 ಡೆಸಿಬೆಲ್ಲಿಗೆ ಇಳಿಸುವುದು ಉದ್ದೇಶ. ಸದ್ದು ತೀರ ಹೆಚ್ಚಾದ ಕಡೆ ಮನೆಗಳನ್ನೇ ಕ್ರಯಕ್ಕೆ ಕೊಂಡು ಜನರನ್ನು ಬೇರೆಡೆಗೆ ಕಳುಹಿಸುವುದೂ ಉಂಟು. ಷಿಕಾಗೋದ ಓಹೇರ್ ನಿಲ್ದಾಣದ ಸುತ್ತ 1996ರಲ್ಲಿ ಹಲವು ನೆರೆಯೂರುಗಳು ಸೇರಿದ ಒಂದು ಸದ್ದಿನ ಆಯೋಗವು ರಚಿತವಾಯಿತು. ಅಲ್ಲಿ ಸಾವಿರಾರು ಮನೆಗಳಿಗೂ ನೂರಕ್ಕೂ ಹೆಚ್ಚು ಶಾಲೆಗಳಿಗೂ ಈ ರಕ್ಷಣೆ ದೊರೆತಿದೆ. ಪಾಠ ಹೇಳುತ್ತಿರುವ ಉಪಾಧ್ಯಾಯನು ವಿಮಾನವೊಂದು ಹೋಗುವವರೆಗೆ ಬಾಯಿ ಮುಚ್ಚಿ ನಿಲ್ಲಬೇಕಾದ ಸ್ಥಿತಿಯನ್ನು ಕಂಡವರಿಗೆ ಈ ವೆಚ್ಚದ ಬೆಲೆ ತಿಳಿಯುವುದು.

ಆದರೆ ಅಮೇರಿಕದ ಕ್ರಮವು ನಿರ್ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ದಪ್ಪ ಕಿಟಕಿಯು ಮನೆಯೊಳಗಿನವನನ್ನು ರಕ್ಷಿಸುವುದೇ ಹೊರತು ಅಂಗಳದಲ್ಲಿ ಕುಳಿತವನನ್ನಲ್ಲ. ಅನೇಕ ಕಡೆ ನೆರವನ್ನು ಪಡೆದ ಮನೆಯೊಡೆಯನು ಮೇಲಣ ಹಾರಾಟಕ್ಕೆ ಶಾಶ್ವತ ಸಮ್ಮತಿಯನ್ನು ಬರೆದುಕೊಡಬೇಕಾಗುವುದು. 65ರ ಗೆರೆಯಂತೂ ವಾದಗ್ರಸ್ತವಾಗಿದೆ. ಗೆರೆಯ ಒಳಗಿನ ಮನೆಗೆ ಸಹಾಯ, ಅದೇ ಬೀದಿಯ ಎದುರು ಸಾಲಿಗೆ ಏನೂ ಇಲ್ಲವೆಂಬುದನ್ನು ನಿವಾಸಿಗಳು ಹೇಗೆ ಸಹಿಸುವರು? ಮಿನಿಯಾಪೊಲಿಸ್ ನಗರವೂ ಅದರ ನೆರೆಯ ಎರಡು ಊರುಗಳೂ ಇದೇ ಕಾರಣದಿಂದ ತಮ್ಮ ನಿಲ್ದಾಣದ ಮಂಡಲದ ಮೇಲೆ ವ್ಯಾಜ್ಯ ಹೂಡಿ, 60ರಿಂದ 64 ಡೆಸಿಬೆಲ್ಲಿನ ಪ್ರದೇಶದ ಮನೆಗಳಿಗೂ ನೆರವು ದೊರೆಯುವಂತೆ 2007ರಲ್ಲಿ ರಾಜಿಯಾದವು. 2021ರಲ್ಲಿ ಕೇಂದ್ರದ ಇಲಾಖೆಯು ತಾನೇ ಪ್ರಕಟಿಸಿದ ಸಮೀಕ್ಷೆಯು ಗೆರೆಯ ಆಧಾರವನ್ನೇ ಅಲುಗಿಸಿತು. 20 ನಿಲ್ದಾಣಗಳ ಸುತ್ತಲಿನ 10,000ಕ್ಕೂ ಹೆಚ್ಚು ನಿವಾಸಿಗಳನ್ನು ವಿಚಾರಿಸಿ ನೋಡಿದಾಗ, 65 ಡೆಸಿಬೆಲ್ಲಿನಲ್ಲಿ ತೀವ್ರ ಬೇಸರಗೊಳ್ಳುವವರು ಹಿಂದಿನ ಅಂದಾಜಿನಂತೆ ನೂರಕ್ಕೆ ಸುಮಾರು 12 ಮಂದಿಯಲ್ಲ, 60ಕ್ಕೂ ಹೆಚ್ಚು ಮಂದಿಯೆಂದು ತಿಳಿದುಬಂತು. ಬಾಧೆಗೆ ಗುರಿಯಾದವರನ್ನು ಕೇಳದೆ ಹಾಕಿದ ಗೆರೆಯು ಎಷ್ಟು ಕಾಲ ನಿಂತೀತು?

ಸುಂಕದ ಪ್ರಮಾಣದ ಬಗ್ಗೆಯೂ ಅಲ್ಲಿ ದೀರ್ಘವಾದ ಕಲಹವಿದೆ. 2000ದಲ್ಲಿ ಗೊತ್ತಾದ 4.50 ಡಾಲರಿನ ಮೇಲ್ಮಿತಿಯನ್ನು 2024ರ ಕಾಯಿದೆಯೂ ಬದಲಿಸಲಿಲ್ಲ. ಬೆಲೆಗಳ ಏರಿಕೆಯಿಂದ ಆ ಹಣದ ಕೊಳ್ಳುವ ಶಕ್ತಿಯು ಅರ್ಧದ ಸಮೀಪಕ್ಕೆ ಇಳಿದಿದೆಯೆಂದೂ, ಸಾಲದ ಬಡ್ಡಿಗೇ ಬಹುಪಾಲು ಹೋಗುತ್ತಿದೆಯೆಂದೂ ನಿಲ್ದಾಣಗಳ ಮೊರೆ. ಸುಂಕವನ್ನೇರಿಸಿದರೆ ಸಾಮಾನ್ಯ ಕುಟುಂಬಗಳು ಪ್ರಯಾಣವನ್ನು ಬಿಡುವುವೆಂದು ಕಂಪೆನಿಗಳ ಉತ್ತರ. ಸಾಮಾನಿನ ಪೆಟ್ಟಿಗೆಗೆ ಬೇರೆ ಹಣವನ್ನು ಬೇಡುವಾಗ ಇದೇ ಕಂಪೆನಿಗಳಿಗೆ ಈ ಕುಟುಂಬಗಳ ನೆನಪಾಗುವುದಿಲ್ಲವೆಂದು ನಾವು ಹೇಳಿದರೆ ತಪ್ಪಾಗಲಾರದು. ಆದರೂ ಮೇಲ್ಮಿತಿಯಿರುವುದರಿಂದ ಒಂದು ಒಳ್ಳೆಯದಾಗಿದೆ: ಏರಿಸಬೇಕೆನ್ನುವವರು ಪ್ರಜಾಪ್ರತಿನಿಧಿಗಳ ಮುಂದೆ ಬಂದು ಬಹಿರಂಗವಾಗಿ ಕಾರಣ ಹೇಳಬೇಕಾಗಿದೆ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ವಿಮಾನ ನಿಲ್ದಾಣ ಪ್ರಾಧಿಕಾರದ 1994ರ ಕಾಯಿದೆಗೆ 2003ರಲ್ಲಿ ತಿದ್ದುಪಡಿ ಮಾಡಿ, 22-ಎ ಎಂಬ ಕಲಮಿನ ಮೂಲಕ ಅಭಿವೃದ್ಧಿ ಶುಲ್ಕಕ್ಕೆ ಎಡೆಮಾಡಲಾಯಿತು. ದಿಲ್ಲಿ, ಮುಂಬಯಿ ನಿಲ್ದಾಣಗಳು ಜಂಟಿ ಕಂಪೆನಿಗಳ ಕೈಸೇರಿದ ತರುವಾಯ, ಕಟ್ಟಡದ ವೆಚ್ಚಕ್ಕೆ ಹಣ ಸಾಲದೆಂದು, 2009ರಲ್ಲಿ ಕೇಂದ್ರ ಮಂತ್ರಾಲಯದ ಪತ್ರಗಳ ಬಲದಿಂದ ಸುಂಕವು ಜಾರಿಗೆ ಬಂತು. ದಿಲ್ಲಿಯಲ್ಲಿ ದೇಶದೊಳಗಿನ ಪ್ರಯಾಣಕ್ಕೆ 200 ರೂಪಾಯಿ, ಪರದೇಶದ ಪ್ರಯಾಣಕ್ಕೆ 1,300 ರೂಪಾಯಿ. ಮುಂಬಯಿಯಲ್ಲಿ 100 ಮತ್ತು 600 ರೂಪಾಯಿ. ಗ್ರಾಹಕರ ಪರವಾಗಿ ವ್ಯಾಜ್ಯ ಹೂಡಲ್ಪಟ್ಟಿತು. ಈ ಶುಲ್ಕವು ಸೇವೆಯೊಂದರ ಬೆಲೆಯಲ್ಲ, ವಿಶಿಷ್ಟ ಉದ್ದೇಶಕ್ಕಾಗಿ ಎತ್ತುವ ಕರದ ಸ್ವರೂಪದ್ದು. ಆದುದರಿಂದ ಕಾಯಿದೆಯು ಹೇಳಿದ ಅಧಿಕಾರಸ್ಥಾನವು ದರವನ್ನು ಗೊತ್ತುಪಡಿಸದೆ, ಬರಿಯ ಪತ್ರದ ಆಧಾರದಿಂದ ವಸೂಲು ಮಾಡಕೂಡದೆಂದು ನಮ್ಮ ಸುಪ್ರೀಂ ಕೋರ್ಟು 2011ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಸಂಗ್ರಹವಾದ ಹಣವನ್ನು ಹಿಂದಿರುಗಿಸುವಂತೆ ಆಜ್ಞಾಪಿಸಲಿಲ್ಲವಾದರೂ ಅದರ ಲೆಕ್ಕವನ್ನು ಒಪ್ಪಿಸಬೇಕೆಂದು ಕಟ್ಟಪ್ಪಣೆ ಮಾಡಿತು. ಅನುಮತಿಯಿಲ್ಲದೆ ಕರವಿಲ್ಲವೆಂಬ ಹಳೆಯ ತತ್ತ್ವಕ್ಕೆ ಹೊಸ ಕ್ಷೇತ್ರದಲ್ಲಿ ದೊರೆತ ಜಯವಿದು.

ಇಂದು ದೊಡ್ಡ ನಿಲ್ದಾಣಗಳ ದರಗಳನ್ನು ಗೊತ್ತುಪಡಿಸುವುದು 2008ರ ಕಾಯಿದೆಯಂತೆ ಸ್ಥಾಪಿತವಾದ ಆರ್ಥಿಕ ನಿಯಂತ್ರಣ ಪ್ರಾಧಿಕಾರದ ಕೆಲಸ. ಅದು ಕರಡನ್ನು ಪ್ರಕಟಿಸಿ, ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳಿ, ಬಳಿಕ ಆಜ್ಞೆ ಹೊರಡಿಸುತ್ತದೆ. ಈ ಸುಧಾರಣೆಯನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಕಾಯಿದೆಗಳನ್ನು ಓದಿದವರಿಗೆ ಒಂದು ಕೊರತೆಯು ಎದ್ದು ಕಾಣುವುದು. 22-ಎ ಕಲಮು ನಿಲ್ದಾಣದ ವಿಸ್ತರಣೆ, ಅದಕ್ಕೆ ಬದಲಾಗಿ ಹೊಸ ನಿಲ್ದಾಣ, ಆ ಕಂಪೆನಿಗಳಲ್ಲಿ ಷೇರು ಬಂಡವಾಳ ಎಂಬ ಉದ್ದೇಶಗಳನ್ನು ಹೇಳುತ್ತದೆ, ಸದ್ದಿನ ಮಾತನ್ನೆತ್ತುವುದಿಲ್ಲ. 2008ರ ಕಾಯಿದೆಯು ಬಂಡವಾಳ, ಸೇವೆಯ ಗುಣ, ನಿಲ್ದಾಣವು ನಷ್ಟವಿಲ್ಲದೆ ನಡೆಯುವಿಕೆ ಇವೆಲ್ಲವನ್ನೂ ಪರಿಗಣಿಸಬೇಕೆನ್ನುತ್ತದೆ; ಅಲ್ಲಿಯೂ ಸದ್ದಿಗೆ ಹೆಸರಿಲ್ಲ. ಇತ್ತ ಕೇಂದ್ರದ ಪರಿಸರ ಮಂತ್ರಾಲಯವು 2018ರಲ್ಲಿ ನಿಲ್ದಾಣಗಳ ಸುತ್ತಲಿನ ಸದ್ದಿಗೆ ಮಿತಿಯನ್ನು ಗೊತ್ತುಪಡಿಸಿದೆ: ವರ್ಷಕ್ಕೆ 50,000ಕ್ಕೂ ಮೇಲ್ಪಟ್ಟು ವಿಮಾನಗಳು ಏರಿಳಿಯುವ ನಿಲ್ದಾಣಗಳಲ್ಲಿ ಹಗಲು 70 ಡೆಸಿಬೆಲ್ಲು, ರಾತ್ರಿ 65, ಮಿಕ್ಕವುಗಳಲ್ಲಿ 65 ಮತ್ತು 60. ಅಂದರೆ ಮಿತಿಯೊಂದು ಮಂತ್ರಾಲಯದ ಕಡತದಲ್ಲಿದೆ, ಹಣವು ಇನ್ನೊಂದು ಮಂತ್ರಾಲಯದ ಕಡತದಲ್ಲಿದೆ. ಎರಡನ್ನೂ ಕಟ್ಟಿಹಾಕುವ ದಾರವಿಲ್ಲ.

ಈ ವಿಷಯವು ಕನ್ನಡಿಗರಿಗೆ ದೂರದ್ದಲ್ಲ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ತೆರೆಯಿತು. 2019ರ ಡಿಸೆಂಬರಿನಲ್ಲಿ ಎರಡನೆಯ ಓಡುದಾರಿಯು ಬಳಕೆಗೆ ಬಂತು. 2022ರ ನವೆಂಬರಿನಲ್ಲಿ ಎರಡನೆಯ ನಿಲ್ದಾಣಭವನದ ಉದ್ಘಾಟನೆಯಾಯಿತು. ಈ ಬೆಳವಣಿಗೆಯಲ್ಲಿ ಪ್ರಯಾಣಿಕನ ಸುಂಕದ ಪಾಲು ಅಲ್ಪವಲ್ಲ. ಅದರೊಡನೆ ಸುತ್ತಲಿನ ಹೊಲಗಳು ನಿವೇಶನಗಳಾಗಿ, ನಿವೇಶನಗಳು ಬಹುಮಹಡಿಯ ಮನೆಗಳಾಗುತ್ತಿರುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಇದೂ ಸಾಲದೆಂಬಂತೆ, ಬೆಂಗಳೂರಿಗೆ ಎರಡನೆಯ ನಿಲ್ದಾಣ ಬೇಕೆಂದು ಸರಕಾರವು ಸೂಚಿಸಿದ ಮೂರು ಸ್ಥಳಗಳನ್ನು 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡವು ನೋಡಿಹೋಯಿತು. ಸ್ಥಳವು ಯಾವುದಾದರೂ ಆಗಲಿ, ಅಲ್ಲಿ ಹಳ್ಳಿಗಳಿವೆ, ಶಾಲೆಗಳಿವೆ. ಓಡುದಾರಿಯ ದಿಕ್ಕು ಗೊತ್ತಾದ ದಿನವೇ ಯಾರ ಮನೆಯ ಮೇಲೆ ಸದ್ದು ಬೀಳುವುದೆಂಬುದೂ ಗೊತ್ತಾಗುವುದು. ಊರು ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಪದ್ಧತಿಯನ್ನು ಈ ಬಾರಿಯಾದರೂ ಬಿಡಬಾರದೇಕೆ?

ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಪ್ರಯಾಣಿಕನಿಂದ ಪಡೆಯುವ ಸುಂಕವು ಯಾವ ಕೆಲಸಕ್ಕೆ, ಎಷ್ಟು ಮೊತ್ತಕ್ಕೆ, ಎಂದಿನವರೆಗೆ ಎಂಬುದು ಜನರಿಗೆ ಸುಲಭವಾಗಿ ತಿಳಿಯುವಂತೆ ಪ್ರತಿವರ್ಷವೂ ಪ್ರಕಟವಾಗಬೇಕು. ಸಾವಿರ ಪುಟದ ಆಜ್ಞೆಯೊಳಗೆ ಹುದುಗಿದ ಲೆಕ್ಕವು ಪ್ರಕಟವಾದ ಲೆಕ್ಕವಲ್ಲ. ಎರಡನೆಯದಾಗಿ, ಸದ್ದಿನ ನಿವಾರಣೆಯನ್ನು ಸುಂಕದ ಉದ್ದೇಶಗಳಲ್ಲೊಂದಾಗಿ ಕಾಯಿದೆಯಲ್ಲಿಯೇ ಹೆಸರಿಸಬೇಕು. ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ: ಸಂಬಂಧಪಟ್ಟ ಬೇರಾವ ಅಂಶವನ್ನಾದರೂ ಪರಿಗಣಿಸಬಹುದೆಂದು 2008ರ ಕಾಯಿದೆಯು ಪ್ರಾಧಿಕಾರಕ್ಕೆ ಬಾಗಿಲನ್ನು ತೆರೆದಿಟ್ಟಿದೆ. ಶಾಲೆ ಆಸ್ಪತ್ರೆಗಳಿಂದ ಆರಂಭಿಸಬಹುದು. ಅಮೇರಿಕದ ಮುಚ್ಚಿದ ಕಿಟಕಿಯು ನಮ್ಮ ಸೆಕೆಗೂ ನಮ್ಮ ಮನೆಗಳ ಕಟ್ಟಣೆಗೂ ಹಾಗೆಯೇ ಒಗ್ಗದು. ನಮ್ಮ ಶಿಲ್ಪಿಗಳು ನಮಗೆ ತಕ್ಕುದನ್ನು ಯೋಚಿಸಬೇಕು. ಮೂರನೆಯದಾಗಿ, ಹೊಸ ನಿಲ್ದಾಣದ ವಿಷಯದಲ್ಲಿ ಸದ್ದಿನ ನಕ್ಷೆ ಮುಂದು, ಭೂಮಿಯ ಖರೀದಿ ಹಿಂದು ಎಂಬ ಕ್ರಮವಿರಬೇಕು. ಆ ಗೆರೆಯೊಳಗೆ ಹೊಸ ಮನೆಗಳಿಗೆ ಪರವಾನಗಿ ಕೊಡದಿರುವ ಧೈರ್ಯವು ಯೋಜನಾ ಪ್ರಾಧಿಕಾರಗಳಿಗೆ ಇರಬೇಕು. ಇದಕ್ಕೆ ಸುಂಕದ ಹಣವೂ ಬೇಕಾಗಿಲ್ಲ, ಮನಸ್ಸಿದ್ದರೆ ಸಾಕು.

ವಿಮಾನಯಾನವು ಈಗತಾನೇ ಮಧ್ಯಮ ವರ್ಗದವರ ಕೈಗೆಟುಕುತ್ತಿರುವಾಗ ಹೊಸ ಭಾರವೇಕೆಂದು ಕೆಲವರು ಆಕ್ಷೇಪಿಸಬಹುದು. ಭಾರವು ಈಗಲೂ ಇದೆ. ಅದನ್ನು ಹೊರುತ್ತಿರುವವರು ಮಾತ್ರ ಬೇರೆ. ಟಿಕೇಟಿನಲ್ಲಿ ಕಾಣದ ಆ ಬೆಲೆಯನ್ನು ಓಡುದಾರಿಯ ಅಂಚಿನ ಹಳ್ಳಿಯವನು ತನ್ನ ನಿದ್ರೆಯಿಂದಲೂ ಅವನ ಮಗುವು ತನ್ನ ಪಾಠದಿಂದಲೂ ತೆರುತ್ತಿದ್ದಾರೆ. ಸಾವಿರಾರು ರೂಪಾಯಿನ ಟಿಕೇಟಿನಲ್ಲಿ ಅದರ ಒಂದು ಸಣ್ಣ ಅಂಶವನ್ನು ಪ್ರಯಾಣಿಕರೆಲ್ಲ ಹಂಚಿಕೊಂಡರೆ ಯಾರ ಪ್ರಯಾಣವೂ ನಿಲ್ಲದು. ನಿಲ್ದಾಣಕ್ಕೆ ಹೋಗುವಾಗ ಆ ಹಳ್ಳಿಗಳ ಪಕ್ಕದಲ್ಲಿಯೇ ನಾವೆಲ್ಲರೂ ಹಾದುಹೋಗುತ್ತೇವೆ. ಮುಂದಿನ ದರದ ಕರಡು ಅಭಿಪ್ರಾಯಕ್ಕಾಗಿ ಪ್ರಕಟವಾದಾಗ, ಕಂಪೆನಿಗಳೂ ಪ್ರಯಾಣಿಕರ ಸಂಘಗಳೂ ತಮ್ಮ ಮಾತನ್ನು ಹೇಳಿಯೇ ಹೇಳುವುವು. ಆ ಹಳ್ಳಿಗಳ ಪಂಚಾಯತಿಗಳೂ ಅಂದು ತಮ್ಮ ಅರ್ಜಿಯನ್ನು ಕಳುಹಿಸಲಿ. ಪ್ರಾಧಿಕಾರವು ಅದನ್ನು ಓದಲಿ. ನ್ಯಾಯವಾದ ಸುಂಕಕ್ಕೆ ಅದೇ ಮೊದಲ ಹೆಜ್ಜೆಯಾಗುವುದು.